ವಾರ್ಟ್‌ಬರ್ಗಿಗೆ ಬೀಳ್ಕೊಡುಗೆ

ಹಿಟ್ಟಿನ ಗಿರಣಿ ಸೋಮವಾರ ಬೆಳಿಗ್ಗೆ ಬರುವುದೆಂದು ಗೊತ್ತಾದ ದಿನವೇ, ಶೆಡ್ಡಿನಲ್ಲಿ ಕಾರಿಗೆ ಇನ್ನು ಜಾಗವಿಲ್ಲ ಎಂಬುದೂ ವರದರಾಜನಿಗೆ ಗೊತ್ತಾಯಿತು. ಗಿರಣಿ ಹೆಂಡತಿ ಕೋಮಲವಲ್ಲಿಯದು. ಪರವಾನಗಿ, ಕರೆಂಟಿನ ಲೈನು ಎಲ್ಲ ಆಗಿತ್ತು. ‘ಕೋಮಲಾ ಹಿಟ್ಟಿನ ಗಿರಣಿ’ ಎಂಬ ಬೋರ್ಡು ಕೂಡ ಶೆಡ್ಡಿನ ಬಾಗಿಲ ಮೇಲೆ ಏರಿತ್ತು. ಅದರ ಕೆಳಗೆ ಕಾರು, ಯಾರೋ ಬೀಸಿಸಲು ತಂದಿಟ್ಟ ಹಾಗೆ ನಿಂತಿತ್ತು.

“ರೀ, ಭಾನುವಾರ ಸಾಯಂಕಾಲದೊಳಗೆ ಇದು ಇಲ್ಲಿರಬಾರದು.”

“ಎಲ್ಲಿಗೆ ಕಳಿಸ್ಲಿ?”

“ಎಲ್ಲಿಂದ ಬಂತೋ ಅಲ್ಲಿಗೆ.”

ಅದು ಕಷ್ಟವಿತ್ತು. ಕಾರು ಪೂರ್ವ ಜರ್ಮನಿಯ ವಾರ್ಟ್‌ಬರ್ಗ್. ದೆಹಲಿಯಲ್ಲಿ ಟೈಪಿಸ್ಟ್ ಆಗಿದ್ದ ದೊಡ್ಡಪ್ಪ ಅದನ್ನು ಯಾವುದೋ ಹರಾಜಿನಲ್ಲಿ ಕೊಂಡು, ನಿವೃತ್ತನಾದ ಮೇಲೆ ರೈಲಿಗೆ ಹೇರಿಸಿ ಅರಸೀಕೆರೆಗೆ ತಂದಿದ್ದ. ಆಮೇಲೆ ಪೂರ್ವ ಜರ್ಮನಿ ಎಂಬ ದೇಶವೇ ಇಲ್ಲವಾಯಿತು. ದೊಡ್ಡಪ್ಪನೂ ಇಲ್ಲವಾದ. ಕಾರು ಉಳಿಯಿತು. ಗುಜರಿಗೆ ಹಾಕಿದರೆ ಜನ್ಮದಲ್ಲಿ ಮಾತಾಡಿಸುವುದಿಲ್ಲ ಎಂದಿದ್ದರು ದೊಡ್ಡಪ್ಪನ ಹೆಣ್ಣುಮಕ್ಕಳು. ಹಾಗಾದರೆ ನೀವೇ ಒಯ್ಯಿರಿ ಎಂದಾಗ ಇಬ್ಬರ ಫೋನೂ ಒಟ್ಟಿಗೆ ಕಟ್ ಆಗಿತ್ತು.

ದಾರಿ ತೋರಿಸಿದವನು ಪಕ್ಕದ ಮನೆಯ ಪುಟ್ಟರಾಜು. ಕೊಬ್ಬರಿ ವ್ಯಾಪಾರಿ. ಯಾರೂ ಕೇಳದಿದ್ದರೂ ಸಲಹೆ ಕೊಡುವ ಉದಾರಿ.

“ಸಾರ್, ಭಾನುವಾರ ಹಳೇಬೀಡಲ್ಲಿ ಕಮ್ಯುನಿಸ್ಟ್ ಕಾಲದ ಕಾರುಗಳ ಹಬ್ಬ ಐತಂತೆ. ಮಾಡ್ತಿರೋರು ಪದ್ಮಕುಮಾರ ಸಾಹುಕಾರ್ರು. ಅವ್ರಿಗೆ ಇಂಥ ಗಾಡಿ ಅಂದ್ರೆ ಹುಚ್ಚು. ಹೋಗಿ ತಗಲಾಕಿ ಬಂದ್ಬಿಡಿ.”

“ತಗೊಳ್ಳಿ ಅಂತ ಹೇಗ್ರೀ ಕೇಳೋದು?”

“ಕೇಳ್ಬಾರ್ದು! ಅದೇ ಗುಟ್ಟು. ನಮ್ ಮಂಡೀಲಿ ಮಾರೋನು ಮಾರೋನ್ ಥರ ಕಾಣಂಗಿಲ್ಲ. ಮೂಟೆ ಮ್ಯಾಲೆ ಕೈ ಇಟ್ಟು ನಿಟ್ಟುಸಿರು ಬಿಡ್ಬೇಕು. ‘ಕೊಡಕ್ಕೆ ಮನಸ್ಸಿಲ್ಲ, ಮಗಳಂಗೆ ಸಾಕಿದೀನಿ’ ಅನ್ಬೇಕು. ಆಗ ಕೊಳ್ಳೋನು ಬಾಯಿ ಬಾಯಿ ಬಿಡ್ತಾನೆ.”

ಎರಡು ದಿನ ವರದರಾಜ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಟ್ಟುಸಿರು ಅಭ್ಯಾಸ ಮಾಡಿದ. ಮೊದಮೊದಲು ಅದು ಆಕಳಿಕೆಯಾಗುತ್ತಿತ್ತು. ಕೋಮಲವಲ್ಲಿ ಒಳಗಿನಿಂದ, “ಗ್ಯಾಸ್ಟ್ರಿಕ್ಕಾ?” ಎಂದು ಕೇಳಿದಳು.

ಭಾನುವಾರ ವರದರಾಜ, ಪುಟ್ಟರಾಜು ಇಬ್ಬರೂ ಹೊರಟರು. ವಾರ್ಟ್‌ಬರ್ಗಿನದು ಹಳೇ ಸ್ಕೂಟರುಗಳ ಜಾತಿಯ ಇಂಜಿನ್ನು. ಪೆಟ್ರೋಲಿಗೇ ಆಯಿಲ್ ಬೆರೆಸಬೇಕು. ಎಷ್ಟು ಬೆರೆಸಬೇಕೆಂಬುದು ದೊಡ್ಡಪ್ಪನಿಗೆ ಗೊತ್ತಿತ್ತು. ಪುಟ್ಟರಾಜು ಮಾತ್ರ, “ಹಳೇ ಗಾಡಿ, ಇನ್ನೊಂಚೂರು ಕುಡೀಲಿ ಬಿಡಿ” ಎಂದು ಧಾರಾಳವಾಗಿ ಸುರಿದಿದ್ದ. ಜಾವಗಲ್ ಮುಟ್ಟುವ ಹೊತ್ತಿಗೆ ಕಾರಿನ ಹಿಂದೆ ನೀಲಿ ಹೊಗೆ ಮದುವೆ ಸೀರೆಯ ಸೆರಗಿನ ಹಾಗೆ ಹರಡಿಕೊಂಡಿತ್ತು.

ಪೇಟೆಯಲ್ಲಿ ಹೆಂಗಸರು ಪಟಪಟನೆ ಕಿಟಕಿ ಮುಚ್ಚಿದರು. ನೀರಿನ ಕೊಡಗಳಿಗೆ ತಟ್ಟೆ ಬಿದ್ದವು. ಪಂಚೆ ಎತ್ತಿ ಕಟ್ಟಿದ ಹಿರಿಯರೊಬ್ಬರು ಅಡ್ಡ ಬಂದು ಕಾರು ನಿಲ್ಲಿಸಿದರು.

“ಸೊಳ್ಳೆ ಹೊಗೆ ಮೇನ್ ರೋಡಿಗೆ ಮಾತ್ರಾನಾ? ನಮ್ ಬೀದೀಲಿ ಮನುಷ್ಯರು ಇಲ್ವಾ?”

“ಯಜಮಾನ್ರೇ, ಇದು ಸೊಳ್ಳೆ ಗಾಡಿ ಅಲ್ಲ. ಪೂರ್ವ ಜರ್ಮನಿದು.”

“ಅಲ್ಲೀವರೆಗೂ ಹೋಗಿ ಮಿಷನ್ ತಂದೋರಿಗೆ ನಮ್ ಚರಂಡಿವರೆಗೂ ಬರಾಕಾಗಲ್ವಾ? ಮನೆಮನೇಲೂ ಜ್ವರ ಐತೆ!”

ಜನ ಸೇರಿತು. ವಾದ ಮಾಡುವುದಕ್ಕಿಂತ ಒಂದು ಸುತ್ತು ಹೊಡೆಯುವುದೇ ಸುಲಭ ಎನ್ನಿಸಿತು. ವರದರಾಜ ಹಿಂದಿನ ಬೀದಿಯಲ್ಲಿ ನಿಧಾನವಾಗಿ ಕಾರು ಓಡಿಸಿದ. ಪುಟ್ಟರಾಜು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಮಕ್ಕಳನ್ನ ಒಳಗ್ ಕರ್ಕಳಿ! ಮಕ್ಕಳನ್ನ ಒಳಗ್ ಕರ್ಕಳಿ!” ಎಂದು ಆರೋಗ್ಯ ಇಲಾಖೆಯ ಗತ್ತಿನಲ್ಲಿ ಕೂಗಿದ. ಹಿರಿಯರು ಸಂತೋಷಪಟ್ಟು ಎರಡು ಎಳನೀರು ಕೊಡಿಸಿ ಬಿಟ್ಟರು.

ಹಳೇಬೀಡಿನಲ್ಲಿ ಪದ್ಮಕುಮಾರನ ತೆಂಗಿನ ತೋಟದ ಪಕ್ಕದ ಬಯಲಿನಲ್ಲಿ ಶಾಮಿಯಾನ ಹಾಕಿತ್ತು. ಬ್ಯಾನರು ಮಾಡಿದವನಿಗೆ ಕಮ್ಯುನಿಸ್ಟ್ ಕಾಲ ಯಾವುದೆಂದು ತಿಳಿದಿರಲಿಲ್ಲ. ಹಳೇಬೀಡಿಗೆ ಒಪ್ಪುವಂತಿರಲಿ ಎಂದು, ಸಿಂಹವನ್ನು ಇರಿಯುವ ಸಳನ ಚಿತ್ರ ಹಾಕಿ ಸಿಂಹವಿದ್ದ ಜಾಗದಲ್ಲಿ ಒಂದು ಕಾರು ಅಂಟಿಸಿದ್ದ. ಹೊಯ್ಸಳರ ಮೂಲಪುರುಷ ಮುಂದಿನ ಎರಡು ಚಕ್ರ ಎತ್ತಿ ನಿಂತ ಕಾರಿನ ಬಾನೆಟ್ಟಿಗೆ ಕಠಾರಿ ಹಾಕುತ್ತಿದ್ದ.

ಬಂದಿದ್ದ ಕಾರುಗಳು ಹೆಚ್ಚಿರಲಿಲ್ಲ. ಪದ್ಮಕುಮಾರನದೇ ಆದ ಸೋವಿಯತ್ ದೇಶದ ಕಪ್ಪು ವೋಲ್ಗಾ, ಬೇಲೂರಿನಲ್ಲಿ ಲಾಡ್ಜ್ ನಡೆಸುವ ರವಿಕುಮಾರನ ಮಾಸ್ಕ್‌ವಿಚ್, ಹಾಸನದ ಹಲ್ಲಿನ ಡಾಕ್ಟರೊಬ್ಬರು ತಂದ ಚೆಕೊಸ್ಲೊವಾಕಿಯಾದ ಸ್ಕೋಡಾ. ವಾರ್ಟ್‌ಬರ್ಗ್ ನಾಲ್ಕನೆಯದು. ಜನ ಮಾತ್ರ ತುಂಬಿದ್ದರು. ಊಟ ಇದೆ ಎಂದು ಬ್ಯಾನರಿನಲ್ಲಿ ಹಾಕಿದ್ದರು.

ಬಿಳಿ ಜುಬ್ಬಾ ತೊಟ್ಟ ಪದ್ಮಕುಮಾರ ಕೈಮುಗಿದುಕೊಂಡು ವಾರ್ಟ್‌ಬರ್ಗಿನ ಹತ್ತಿರ ಬಂದ. “ಬನ್ನಿ ಬನ್ನಿ. ಇದನ್ನ ಮನೇಲೇ ಇಟ್ಕೊಂಡಿದೀರಾ?”

ಪುಟ್ಟರಾಜು ಹಿಂದಿನಿಂದ ಚಿವುಟಿದ. ವರದರಾಜ ಬಾನೆಟ್ಟಿನ ಮೇಲೆ ಕೈಯಿಟ್ಟು, ಎರಡು ದಿನದ ಅಭ್ಯಾಸವನ್ನೆಲ್ಲ ಒಂದೇ ನಿಟ್ಟುಸಿರಿಗೆ ಸುರಿದ.

“ಮಗಳ ಹಾಗೆ ಸಾಕಿದೀನಿ ಸಾರ್.”

“ಯಾರಾದ್ರೂ ಕೇಳಿದ್ರೆ?”

“ಪ್ರಾಣ ಬೇಕಾದ್ರೆ ಕೊಟ್ಟೇನು.”

“ಮನೇಲಿ ಅವ್ರು ಏನೂ ಅನ್ನಲ್ವಾ?”

“ಅವ್ಳಿಗೆ ನನಗಿಂತ ಇದೇ ಹೆಚ್ಚು ಸಾರ್.”

ಪದ್ಮಕುಮಾರನ ಕಣ್ಣು ಫಳ್ಳೆಂದಿತು. ಅವನು ರವಿಕುಮಾರನನ್ನೂ ಡಾಕ್ಟರನ್ನೂ ಶಾಮಿಯಾನದ ಮೂಲೆಗೆ ಕರೆದೊಯ್ದ. ಮೂವರೂ ತಲೆ ಸೇರಿಸಿ ಮಾತಾಡಿ, ನಡುನಡುವೆ ವರದರಾಜನ ಕಡೆ ನೋಡಿದರು.

“ಬಿತ್ತು ಸಾರ್ ಮೀನು,” ಎಂದ ಪುಟ್ಟರಾಜು. “ಮೂರೂ ಜನ ನಾ ತಗಳ್ತೀನಿ ತಾ ತಗಳ್ತೀನಿ ಅಂತ ಜಗಳ ಆಡ್ತಾವ್ರೆ. ಇನ್ನೂ ಗಟ್ಟಿಯಾಗಿರಿ.”

ಊಟಕ್ಕೆ ಮುಂಚೆ ಸನ್ಮಾನ. ಯಾರಿಗೆ ಎಂದು ವರದರಾಜ ಕತ್ತು ಉದ್ದ ಮಾಡಿ ನೋಡುತ್ತಿರುವಾಗಲೇ ಅವನ ಹೆಸರು ಕೂಗಿದರು. ನೋಡನೋಡುತ್ತಿದ್ದಂತೆ ತಲೆಗೆ ಮೈಸೂರು ಪೇಟ, ಹೆಗಲಿಗೆ ಶಾಲು, ಕೊರಳಿಗೆ ಗಂಧದ ಹಾರ, ಮಡಿಲಿಗೆ ಹಣ್ಣಿನ ಬುಟ್ಟಿ ಬಿದ್ದವು. ಇಪ್ಪತ್ತಾರು ವರ್ಷ ಕಚೇರಿಯಲ್ಲಿ ಬೇರೆಯವರ ಸನ್ಮಾನಕ್ಕೆ ಕುರ್ಚಿ ಹಾಕಿಸಿದ್ದ ಗುಮಾಸ್ತನಿಗೆ ಇದು ಮೊದಲ ಪೇಟ. ಅದು ತಲೆಯ ಮೇಲೆ ಕೂತದ್ದೇ ಒಳಗಿನ ಲೆಕ್ಕಾಚಾರವೆಲ್ಲ ತಪ್ಪಿತು. ಮೈಕು ಕೈಗೆ ಬಂತು.

“ಬಂಧುಗಳೇ, ಇವು ಬರೀ ಕಾರುಗಳಲ್ಲ. ತಬ್ಬಲಿಗಳು! ಹುಟ್ಟಿದ ದೇಶವೇ ಇಲ್ಲದ ತಬ್ಬಲಿಗಳು! ಇವುಗಳಿಗೆ ಯಾರಾದರೂ ಒಬ್ಬ ಪುಣ್ಯಾತ್ಮ ಮುಂದೆ ಬಂದು ನೆರಳು ಕೊಡಬೇಕು!”

ಎಂದು ಪದ್ಮಕುಮಾರನನ್ನೇ ನೆಟ್ಟ ನೋಟದಿಂದ ನೋಡಿದ. ಚಪ್ಪಾಳೆ ಬಿತ್ತು. ಪದ್ಮಕುಮಾರ ಕಣ್ಣೊರೆಸಿಕೊಂಡು ಮೈಕು ಇಸಿದುಕೊಂಡ.

“ಮೂರು ವರ್ಷದಿಂದ ಇಂಥ ಒಬ್ಬರನ್ನ ಹುಡುಕ್ತಿದ್ದೆ. ನಮ್ಮ ಮನೆಯವರು ಕಾಂಚನಮಾಲಾ, ‘ವೋಲ್ಗಾ ಇರ್ಬೇಕು, ಇಲ್ಲಾ ನಾನಿರ್ಬೇಕು’ ಅಂದುಬಿಟ್ಟಿದ್ದಾರೆ. ಬೇಲೂರಿನ ರವಿಕುಮಾರ್ ಮನೇಲೂ ಇದೇ ಕತೆ, ಡಾಕ್ಟರ ಮನೇಲೂ ಇದೇ ಕತೆ. ಯಾರಾದ್ರೂ ತಗೊಂಡು ಹೋಗೋರು ಸಿಕ್ಕಾರು ಅಂತಲೇ ಈ ಹಬ್ಬ ಮಾಡಿದ್ದು. ಇವತ್ತು ಆ ಪುಣ್ಯಾತ್ಮ ಸಿಕ್ಕಿದ್ದಾರೆ. ಇವರ ಮನೆಯವರೂ ಅಂಥವರೇ!”

ಮೂರು ಬೀಗದ ಕೈಗಳು ಹಣ್ಣಿನ ಬುಟ್ಟಿಯೊಳಕ್ಕೆ ಬಿದ್ದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ವರದರಾಜ ಬಾಯಿ ತೆರೆದ. ಆದರೆ ಪೇಟ ಕಟ್ಟಿಸಿಕೊಂಡ ತಲೆಯಲ್ಲಿ “ಬೇಡ” ಎನ್ನುವ ಪದ್ಧತಿ ಆ ಸೀಮೆಯಲ್ಲಿಲ್ಲ. ಅವನು ಕೈಮುಗಿದ.

“ಎಂಥಾ ಸಲಹೆ ಕೊಟ್ರಿ ಪುಟ್ಟರಾಜು,” ಎಂದ ಕೆಳಗಿಳಿದು.

“ನಾನೇನ್ ಮಾಡ್ಲಿ ಸಾರ್? ಕೊಬ್ಬರಿ ಮಾರಾಕೆ ಹೋಗಿ ಕೊಬ್ಬರಿ ಹೊತ್ಕೊಂಡು ಬರೋರನ್ನ ಇವತ್ತೇ ನೋಡಿದ್ದು.”

ಮಾಲೀಕರು ಅಷ್ಟಕ್ಕೇ ಬಿಡಲಿಲ್ಲ. ಮಗಳನ್ನು ಗಂಡನ ಮನೆಗೆ ಮುಟ್ಟಿಸುವವರ ಉತ್ಸಾಹದಲ್ಲಿ ತಾವೇ ಕಾರು ಓಡಿಸಿಕೊಂಡು ವಾರ್ಟ್‌ಬರ್ಗಿನ ಹಿಂದೆ ಅರಸೀಕೆರೆಗೆ ಬಂದರು. ಬೀದಿಯ ಉದ್ದಕ್ಕೂ ಕಾರುಗಳನ್ನು ನಿಲ್ಲಿಸಿ, ಕೋಮಲವಲ್ಲಿ ಬಾಗಿಲಿಗೆ ಬರುವುದರೊಳಗೆ ಒಂದೇ ಆಟೋದಲ್ಲಿ ಬಸ್‌ಸ್ಟ್ಯಾಂಡಿನ ಕಡೆ ಮಾಯವಾದರು.

ಕೋಮಲವಲ್ಲಿ ಆರತಿ ತಟ್ಟೆ ಹಿಡಿದು ಹೊರಗೆ ಬಂದಳು. ಗಂಡನಿಗೆ ಪೇಟ ಕಟ್ಟುವ ವಿಡಿಯೋ ಮಧ್ಯಾಹ್ನವೇ ಅವಳ ಮೊಬೈಲಿಗೆ ಬಂದಿತ್ತು. ಕಾರು ದಾನ ಕೊಟ್ಟಿದ್ದಕ್ಕೇ ಈ ಮರ್ಯಾದೆ ಎಂದುಕೊಂಡು, ಗಿರಣಿಯವರಿಗೆ ಫೋನ್ ಮಾಡಿ ಇನ್ನೊಂದು ಖಾರದಪುಡಿ ಯಂತ್ರಕ್ಕೂ ಹೇಳಿಬಿಟ್ಟಿದ್ದಳು. ಅವಳು ಮತ್ತೆ ಶೆಡ್ಡು ಸೇರಿದ್ದ ವಾರ್ಟ್‌ಬರ್ಗ್ ನೋಡಿದಳು. ವೋಲ್ಗಾ ನೋಡಿದಳು. ಬೀದಿಯ ತಿರುವಿನವರೆಗೂ ನೋಡಿದಳು.

“ಕೋಮಲಾ, ಹೇಳ್ತೀನಿ ಕೇಳು...”

ಅವಳು ಆರತಿ ಆರಿಸಿ ಒಳಗೆ ಹೋದಳು. ಎರಡೂ ಯಂತ್ರಗಳು ಬೆಳಿಗ್ಗೆ ಬರುವುದಿತ್ತು. ಒಳಗಿನಿಂದ ಮಂಚ ಎಳೆದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ದಿಂಬು, ಹೊದಿಕೆ, ವರದರಾಜನ ಬಿ.ಪಿ. ಮಾತ್ರೆ ಹಿಡಿದು ಬಂದು ವಾರ್ಟ್‌ಬರ್ಗಿನ ಬಾನೆಟ್ಟಿನ ಮೇಲಿಟ್ಟಳು.

“ಗಿರಣಿ ನಿಮ್ಮ ರೂಮಿಗೆ ಬರುತ್ತೆ,” ಎಂದಳು. “ನಾಲ್ಕು ಮನೆ ಕಟ್ಟಿಸ್ಕೊಂಡು ಬಂದಿದೀರಲ್ಲ, ಯಾವುದ್ರಲ್ಲಾದ್ರೂ ಇರಿ.”

ಕದ ಹಾಕಿಕೊಂಡಿತು. ಕಾಂಪೌಂಡಿನ ಆಚೆಯಿಂದ ಪುಟ್ಟರಾಜು ಕತ್ತು ಹಾಕಿದ.

“ವೋಲ್ಗಾ ಹಿಂದಿನ ಸೀಟು ಉದ್ದ ಐತೆ ಸಾರ್. ಕಾಲು ಚಾಚ್‌ಬೋದು.”