ಅತ್ತೆಗೂ ಗ್ರೀಕರಿಗೂ ಆಗಿಬರುವುದಿಲ್ಲ

ನಮ್ಮ ಸೋದರತ್ತೆಯ ಶತ್ರುಗಳೆಲ್ಲ ಸತ್ತು ಎರಡು ಸಾವಿರ ವರ್ಷಗಳ ಮೇಲಾಯಿತು. ಆದರೂ ಅತ್ತೆ ಅವರನ್ನು ಕ್ಷಮಿಸಿಲ್ಲ. ಬದುಕಿರುವವರ ಪೈಕಿ ಆಕೆ ಯಾರೊಂದಿಗೂ ಜಗಳವಾಡಿದ್ದನ್ನು ನಾನು ಕಂಡಿಲ್ಲ. ತರಕಾರಿಯವನು ಹುಳುಕು ಬದನೆಕಾಯಿ ತೂಗಿ ಕೊಟ್ಟರೂ ಸುಮ್ಮನೆ ಚೀಲಕ್ಕೆ ಹಾಕಿಕೊಂಡು ಬರುತ್ತಾಳೆ. ಆದರೆ ಗ್ರೀಕರ ಮಾತು ಎತ್ತಿ ನೋಡಿ! ಒಲೆಯ ಮೇಲಿನ ಹಾಲು ಉಕ್ಕಿ ಕಟ್ಟೆ ತುಂಬ ಹರಿದರೂ ಆಕೆಗೆ ಪರಿವೆ ಇರುವುದಿಲ್ಲ. ಅಷ್ಟಕ್ಕೂ ಪಾಪ, ಗ್ರೀಕರು ಮಾಡಿದ್ದೇನು? ಕಂಡವರ ನಾಡಿಗೆ ಹೋಗಿ, ಅಲ್ಲಿಯವರನ್ನು ಒಂದು ಮಾತೂ ಕೇಳದೆ, ತಮಗೆ ತೋಚಿದ ಹೆಸರಿಟ್ಟು ಬಂದದ್ದು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಯಲಬುರ್ಗಾದ ನಮ್ಮ ಮನೆಯಲ್ಲಿ ಹುಟ್ಟಿ, ಗಂಗಾವತಿಗೆ ಮದುವೆಯಾಗಿ ಹೋಗಿ, ಅಲ್ಲಿಯೇ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತಳಾದವಳು. ನಿವೃತ್ತರಾದವರು ಕಾಶಿಗೆ ಹೋಗುತ್ತಾರೆ, ಇಲ್ಲವೆ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಾರೆ. ಅತ್ತೆ ಇನ್ನೂರು ಪುಟದ ಒಂದು ನೋಟ್‌ಬುಕ್ ತಂದಳು. ಅದರ ಪ್ರತಿ ಪುಟದಲ್ಲೂ ಒಂದೊಂದು ಪ್ರಾಚೀನ ದೇಶ: ಹೆಸರು, ಅದರ ಅರ್ಥ, ಹೆಸರಿಟ್ಟವರು ಯಾರು, ಆ ದೇಶದವರು ತಮ್ಮನ್ನು ತಾವು ಕರೆದುಕೊಳ್ಳುತ್ತಿದ್ದದ್ದು ಏನೆಂದು. ಇಷ್ಟು ದೇಶಗಳ ಯಜಮಾನಿಕೆ ಹೊತ್ತ ಈಕೆ ಇದುವರೆಗೆ ಹುಬ್ಬಳ್ಳಿಯನ್ನು ದಾಟಿಲ್ಲ. ಆ ನೋಟ್‌ಬುಕ್ ತೆರೆದ ತಕ್ಷಣ ನಮ್ಮ ಮಾವ ಕಿವಿಯ ಮಷಿನ್ ತೆಗೆದು ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ. ಅವರ ದಾಂಪತ್ಯ ಸುಖವಾಗಿದೆ.

ಮಷಿನ್ ಇಲ್ಲದ ಕಿವಿಯವನು ನಾನೊಬ್ಬ ಸಿಕ್ಕಿದ್ದೇನೆ. ಕೊಪ್ಪಳದಲ್ಲಿ ನನ್ನದೊಂದು ಔಷಧಿ ಅಂಗಡಿ. ಗಿರಾಕಿಗಳು ಚೀಟಿ ಹಿಡಿದು ನಿಂತಿರುವಾಗಲೇ ಫೋನು ಬರುತ್ತದೆ.

‘ತಮ್ಮಾ, ಈಜಿಪ್ಟಿನವರು ತಮ್ಮ ದೇಶಕ್ಕ ಈಜಿಪ್ಟ್ ಅಂತಿದ್ದಿಲ್ಲ. ಗೊತ್ತೈತಿಲ್ಲೋ?’

‘ಇಲ್ಲತ್ತಿ. ಇಲ್ಲೊಬ್ಬರು ವಾಂತಿ ಗುಳಿಗಿ ಕೇಳಾಕತ್ಯಾರ.’

‘ಅವರಿಗೆ ಕೊಡು. ಕೊಟ್ಟು ಕೇಳು. ಅವರು ಕೆಮೆಟ್ ಅಂತಿದ್ರು. ಅಂದ್ರ ಕರಿ ನೆಲ. ಆ ಗ್ರೀಕರು ಯಾವುದೋ ಗುಡಿ ಹೆಸರು ಕೇಳಿ, ಅದನ್ನ ತಮ್ಮ ಬಾಯಾಗ ಹಾಕ್ಕೊಂಡು ಅಗದು, ಇಡೀ ದೇಶಕ್ಕ ಉಗುಳಿ ಹೋದ್ರು.’

ವಾಂತಿ ಗುಳಿಗೆಯವರು ನನ್ನ ಮುಖ ನೋಡಿ, ನನಗೇ ಒಂದು ಗುಳಿಗೆ ಬೇಕಾಗಿದೆ ಎಂದುಕೊಂಡರೋ ಏನೋ.

ಮುಂದೆ ಯಲಬುರ್ಗಾಕ್ಕೆ ಬಂದಾಗ ಅತ್ತೆ ಈ ಕರಿ ನೆಲದ ಸಂಗತಿಯನ್ನು ನಮ್ಮ ಹೊಲಕ್ಕೇ ತೆಗೆದುಕೊಂಡು ಹೋದಳು. ಹೊಲ ಪಾಲಿಗೆ ಮಾಡುವ ಬಸಣ್ಣ ಬದುವಿನ ಮೇಲೆ ಬುತ್ತಿ ಬಿಚ್ಚಿದ್ದ. ಅತ್ತೆ ಕಪ್ಪು ಎರೆಮಣ್ಣಿನ ಒಂದು ಹೆಂಟೆ ಎತ್ತಿ ಅವನ ಮುಂದೆ ಹಿಡಿದು, ನೈಲ್ ನದಿಯ ದಂಡೆಯವರೂ ಇಂಥದೇ ಮಣ್ಣಿನ ಹೆಸರನ್ನು ತಮ್ಮ ದೇಶಕ್ಕೆ ಇಟ್ಟುಕೊಂಡಿದ್ದರೆಂದೂ, ಪಕ್ಕದ ಮರಳುಗಾಡಿಗೆ ಕೆಂಪು ನೆಲ ಎನ್ನುತ್ತಿದ್ದರೆಂದೂ ಅರ್ಧ ಗಂಟೆ ಹೇಳಿದಳು. ಬಸಣ್ಣ ರೊಟ್ಟಿ ಮುರಿಯುವುದನ್ನು ಬಿಟ್ಟು ಕೇಳಿದ.

‘ಅಂದ್ರ ಅಲ್ಲೂ ಕರಿ ಎರಿ, ಕೆಂಪು ಮಸಾರಿ ಅಂತ ಎರಡು ಐತ್ರಿ ಹಂಗಾರ. ಛಲೋ ಆತು. ಆ ಎರಿಯಾಗ ಕಡ್ಲಿ ಬರ್ತಾವೇನ್ರಿ ಅಕ್ಕಾರ?’

ಮೂವತ್ತು ವರ್ಷ ಪಾಠ ಹೇಳಿದ ಅತ್ತೆ ಹೆಂಟೆ ಕೆಳಗಿಟ್ಟಳು. ಅಲ್ಲೇ ಬದುವಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ‘ಕಡಲೆ?’ ಎಂದು ಬರೆದುಕೊಂಡಳು.

ಬಸ್ಸಿನಲ್ಲಂತೂ ಆಕೆಯ ಪಕ್ಕ ಕೂತವರ ಪುಣ್ಯವೇ ಪುಣ್ಯ. ಒಮ್ಮೆ ಗಂಗಾವತಿಯಿಂದ ಕೊಪ್ಪಳಕ್ಕೆ ಬರುವಾಗ ಪಕ್ಕದ ಹೆಣ್ಣುಮಗಳು ಮರ್ಯಾದೆಗೆ ‘ಯಾವೂರ್ರಿ ನಿಮ್ದು?’ ಎಂದು ಕೇಳಿದ್ದಾಳೆ. ಇಂಥ ಪ್ರಶ್ನೆಯನ್ನು ಅತ್ತೆಗೆ ಕೇಳಬಾರದು ಎಂಬುದು ಪಾಪ ಆಕೆಗೇನು ಗೊತ್ತು? ಆ ಕಡೆ ಕೃಷ್ಣೆ, ಈ ಕಡೆ ತುಂಗಭದ್ರೆ, ನಡುವೆ ನಾವು. ಮೆಸೊಪೊಟೇಮಿಯಾ ಎಂದರೂ ಎರಡು ಹೊಳೆಗಳ ನಡುವಿನ ನಾಡು ಎಂದೇ ಅರ್ಥ. ಅಂದಮೇಲೆ ನಾವು ಯಾರು? ಕಾರ್ಖಾನೆಗಳ ಹೊಗೆ ಕಾಣಿಸುತ್ತಲೇ ಆ ಹೆಣ್ಣುಮಗಳು ಗಿಣಿಗೇರಾದಲ್ಲಿ ಇಳಿದುಬಿಟ್ಟಳು. ಆಕೆಯ ಟಿಕೆಟ್ ಕೊಪ್ಪಳದವರೆಗೆ ಇತ್ತೆಂದು ಕಂಡಕ್ಟರ್ ಆಮೇಲೆ ಹೇಳಿದನಂತೆ. ಇದನ್ನು ನನಗೆ ಹೇಳಿದ್ದು ಸ್ವತಃ ಅತ್ತೆ. ಆಕೆಗೆ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ.

ಆದರೆ ಆಕೆಯ ವಿದ್ಯೆ ಒಂದೇ ಒಂದು ಸಲ ಉಪಯೋಗಕ್ಕೆ ಬಂದದ್ದೂ ಉಂಟು. ನಮ್ಮ ಚಿಕ್ಕಪ್ಪನ ಮಗಳನ್ನು ನೋಡಲು ಗಂಡಿನವರು ಬಂದಿದ್ದರು. ಅವಲಕ್ಕಿ ತಿಂದು, ಚಹಾ ಕುಡಿದು, ಹುಡುಗನ ಅಪ್ಪ ಕರವಸ್ತ್ರದಿಂದ ಬಾಯಿ ಒರೆಸಿಕೊಳ್ಳುತ್ತ, ‘ಎಲ್ಲಾ ಛಲೋ ಐತ್ರಿ, ಹುಡುಗಿ ಒಂದೀಟು ಕಪ್ಪದಾಳ’ ಎಂದರು. ಅತ್ತೆ ಗೋಡೆಗೆ ಒರಗಿದ್ದವಳು ನೆಟ್ಟಗೆ ಕೂತಳು. ಇಥಿಯೋಪಿಯಾ ಎಂದರೆ ಸುಟ್ಟ ಮುಖದವರ ನಾಡು ಎಂದರ್ಥ. ಆ ಹೆಸರಿಟ್ಟವರು ಅಲ್ಲಿಯವರಲ್ಲ, ಗ್ರೀಕರು. ಅವರೂ ಹೀಗೆಯೇ ಮನೆಗೆ ಬಂದು, ಉಂಡು, ಮುಖ ನೋಡಿ ಹೆಸರಿಟ್ಟವರು. ಹೀಗೆ ಶುರುವಾದದ್ದು ಎರಡನೇ ಸಲ ಚಹಾ ಬರುವವರೆಗೆ ನಡೆಯಿತು. ಗಂಡಿನವರು ಎರಡನೇ ಚಹಾ ಮುಟ್ಟಲಿಲ್ಲ. ಚಪ್ಪಲಿ ಮೆಟ್ಟುವಾಗ ಹುಡುಗನ ಅಪ್ಪ ನಮ್ಮ ಚಿಕ್ಕಪ್ಪನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: ‘ಆ ದೇಶದಾಗ ನಿಮ್ಮ ಬೀಗರು ಯಾರರ ಅದಾರೇನ್ರಿ?’

ಸಂಬಂಧ ಮುರಿಯಿತು. ಚಿಕ್ಕಪ್ಪ ಅತ್ತೆಯ ಜೊತೆ ಎರಡು ತಿಂಗಳು ಮಾತು ಬಿಟ್ಟ. ಹುಡುಗಿ ಮಾತ್ರ ಆ ದಿನ ಸಂಜೆ ಅತ್ತೆಗೆ ತಲೆ ಬಾಚಿ, ಜಡೆ ಹಾಕಿ, ಹೂ ಮುಡಿಸಿದಳು.

ಇಷ್ಟರವರೆಗೆ ಎಲ್ಲವೂ ನಗುವ ಸಂಗತಿಯೇ. ನನ್ನ ನಗು ನಿಂತದ್ದು ನಮಗೆ ಮಗಳು ಹುಟ್ಟಿದಾಗ. ಏಕೆಂದರೆ ನಮ್ಮ ಮನೆತನದಲ್ಲಿ ತೊಟ್ಟಿಲಿನಲ್ಲಿ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು. ನನಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಆ ಹಕ್ಕು ಅಪ್ಪನ ತಂಗಿಯಾದ ಈಕೆಯ ಕೈಯಲ್ಲೇ ಉಳಿದಿದೆ. ಆ ಹಕ್ಕನ್ನು ಅತ್ತೆ ಹೇಗೆ ಚಲಾಯಿಸುತ್ತಾಳೆ ಎಂಬುದಕ್ಕೆ ಕುಷ್ಟಗಿಯಲ್ಲಿರುವ ನನ್ನ ಅಣ್ಣನ ಇಬ್ಬರು ಗಂಡುಮಕ್ಕಳೇ ಸಾಕ್ಷಿ. ದೊಡ್ಡವನ ಹೆಸರು ಕೇಕಯ. ಸಣ್ಣವನು ಮಗಧ. ಕೇಕಯನನ್ನು ಶಾಲೆಯಲ್ಲಿ ಎಲ್ಲರೂ ಕೇಕ್ ಎನ್ನುತ್ತಾರೆ. ಮಗಧನ ಪಾಡು ಪರವಾಗಿಲ್ಲ. ಅವನಿನ್ನೂ ಅಂಗನವಾಡಿಯಲ್ಲಿದ್ದಾನೆ, ಅಲ್ಲಿ ಯಾರಿಗೂ ಸರಿಯಾಗಿ ಮಾತು ಬರುವುದಿಲ್ಲ.

ನನ್ನ ಹೆಂಡತಿ ಕಾರಟಗಿಯವಳು. ಆರು ತಿಂಗಳು ಫೋನಿನಲ್ಲಿ ಹುಡುಕಿ, ಇಡೀ ತಾಲ್ಲೂಕಿನಲ್ಲೇ ಯಾರಿಗೂ ಇಲ್ಲದ ಹೆಸರೊಂದನ್ನು ಆರಿಸಿ ಇಟ್ಟುಕೊಂಡಿದ್ದಳು: ಕ್ರಿಯಾನ್ವಿಕಾ. ಅರ್ಥವೇನು ಎಂದರೆ, ಒಂದು ಕಡೆ ಮಿಂಚು ಎಂದಿತ್ತು, ಇನ್ನೊಂದು ಕಡೆ ದೇವಿ ಎಂದಿತ್ತು, ಮತ್ತೊಂದು ಕಡೆ ಅದೃಷ್ಟಸಂಖ್ಯೆ ಏಳು ಎಂದಷ್ಟೇ ಇತ್ತು.

‘ನೋಡ್ರಿ, ನಿಮ್ಮತ್ತಿ ನನ್ನ ಮಗಳಿಗೆ ಬ್ಯಾಬಿಲೋನಿಯಾ ಅಂತ ಇಟ್ರ, ನಾ ತೊಟ್ಟಿಲ ಸಮೇತ ಕಾರಟಗಿ ಬಸ್ ಹತ್ತಾಕಿ,’ ಎಂದಳು. ‘ನೀವ ಹೋಗಿ ಹೇಳ್ರಿ.’

ಕ್ರಿಯಾನ್ವಿಕಾ ಎಂಬ ಹೆಸರು ನನಗೂ ನಾನು ಮಾರುವ ಕೆಮ್ಮಿನ ಔಷಧಿಯೊಂದನ್ನು ನೆನಪಿಸುತ್ತಿತ್ತು. ಆದರೂ ಮಾತು ಕೊಟ್ಟೆ. ಹೆಂಡತಿಗೂ ಅತ್ತೆಗೂ ನಡುವೆ ನಿಂತವನಿಗೆ ಎರಡು ಹೊಳೆಗಳ ನಡುವಿನ ನಾಡು ಎಂದರೇನೆಂದು ಆಗ ಚೆನ್ನಾಗಿ ತಿಳಿಯಿತು.

ತೊಟ್ಟಿಲ ಶಾಸ್ತ್ರದ ಹಿಂದಿನ ದಿನ ಅತ್ತೆ ನೋಟ್‌ಬುಕ್ಕಿನೊಂದಿಗೆ ಯಲಬುರ್ಗಾದ ಮನೆಗೆ ಬಂದಿಳಿದಳು. ನಾನು ಪಡಸಾಲೆಯಲ್ಲಿ ಆಕೆಯ ಮುಂದೆ ಕೂತು, ಗಂಟಲು ಸರಿಮಾಡಿಕೊಂಡು, ಈಗಿನ ಕಾಲ, ಈಗಿನ ಶಾಲೆ, ಈಗಿನ ಹೆಸರು ಎಂದು ಶುರುಮಾಡಿದೆ. ಅತ್ತೆ ಪೂರ್ತಿ ಕೇಳಿದಳು. ಆಮೇಲೆ, ‘ಗಾಂಧಾರಿ ಹೆಸರೇನೋ?’ ಎಂದಳು.

‘ಗಾಂಧಾರಿ.’

‘ಅದು ಆಕಿ ದೇಶ. ಗಾಂಧಾರದಾಕಿ ಅಂತ. ಆಕಿ ಹೆಸರೇನು?’

ಅತ್ತೆ ಬೆರಳು ಮಡಿಚತೊಡಗಿದಳು.

‘ಕೈಕೇಯಿ? ಕೇಕಯ ದೇಶದಾಕಿ. ಕೌಸಲ್ಯಾ? ಕೋಸಲದಾಕಿ. ಮಾದ್ರಿ? ಮದ್ರ ದೇಶದಾಕಿ. ಇವರವ್ವಂದಿರು ಇವರನ್ನ ಮನಿಯಾಗ ಏನಂತ ಕರೀತಿದ್ರು?’

‘ದ್ರೌಪದಿ ಅಂತ ಒಬ್ಬಾಕಿ ಅದಾಳಲ್ಲತ್ತಿ.’

‘ಅದು ಅಪ್ಪನ ಹೆಸರು. ಆಕಿಗೆ ಕೃಷ್ಣೆ ಅಂತ ಸ್ವಂತದ್ದೊಂದು ಇತ್ತು, ಯಾರು ಕರೀತಾರ ಹಂಗ? ಅದಕ್ಕ ನಾ ನಿಮ್ಮಣ್ಣನ ಗಂಡುಮಕ್ಕಳಿಗೆ ದೇಶದ ಹೆಸರಿಟ್ಟೆ. ಹೆಣ್ಮಕ್ಕಳಷ್ಟ ಯಾಕ ಹೊರಬೇಕು? ಅವರೂ ಹೊರಲಿ.’

ಆಗ ಒಳಗಿನಿಂದ ಅಪ್ಪನ ದನಿ ಕೇಳಿಸಿತು. ‘ಏ ಅಳವಂಡಿಯಾಕಿ, ತಂಗಿ ಬಂದಾಳ, ಚಾ ಇಡು.’ ಅವ್ವ ಚಹಾ ಇಟ್ಟಳು. ಅವ್ವನ ತವರು ಅಳವಂಡಿ. ಅಪ್ಪನಿಗೆ, ಓಣಿಯವರಿಗೆ, ಹಾಲಿನವನಿಗೆ ಕೂಡ ಆಕೆ ಅಳವಂಡಿಯಾಕಿಯೇ. ನನ್ನ ಹೆಂಡತಿ ಕಾರಟಗಿಯಾಕಿ. ಅತ್ತೆ ಗಂಗಾವತಿಯಲ್ಲಿ ಯಲಬುರ್ಗಿಯಾಕಿ. ನಮ್ಮ ಕಡೆ ಸೊಸೆಯಂದಿರನ್ನು ತವರೂರಿನಿಂದ ಕರೆಯುವುದೇ ರೂಢಿ, ಅದರಲ್ಲಿ ನನಗೆ ಹೊಸದೇನೂ ಇರಲಿಲ್ಲ. ನನ್ನ ಚಿಂತೆಯೆಲ್ಲ ಬ್ಯಾಬಿಲೋನಿಯಾದ್ದೇ ಆಗಿತ್ತು.

‘ಹಂಗಾರ ಕ್ರಿಯಾನ್ವಿಕಾ ಆಗ್ಲಿ ಅಂತೀಯಾ?’ ಎಂದೆ.

‘ಅದರ ಅರ್ಥ ಹೇಳು, ಇಡ್ತೀನಿ,’ ಎಂದಳು. ನಾನು ಚಹಾ ಕುಡಿದು ಎದ್ದುಹೋದೆ.

ಮರುದಿನ ಮನೆ ತುಂಬ ಜನ. ಕಾರಟಗಿಯಿಂದ ಬೀಗರು ಬಂದಿದ್ದರು. ತೊಟ್ಟಿಲಿಗೆ ಹೂ ಕಟ್ಟಿ, ಕೂಸನ್ನು ಮಲಗಿಸಿ, ಹೆಂಗಸರು ಜೋಗುಳ ಹಾಡಿದರು. ಅವ್ವ ಗುಗ್ಗರಿಯ ತಾಟು ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ನನ್ನ ಹೆಂಡತಿ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಕಾರಟಗಿ ಬಸ್ಸಿನ ವೇಳಾಪಟ್ಟಿ ಸ್ಪಷ್ಟವಾಗಿ ಕಾಣುತ್ತಿತ್ತು. ನಮ್ಮಲ್ಲಿ ಅತ್ತೆ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳಿದ ಕೂಡಲೇ ಸುತ್ತಲಿನ ಹೆಂಗಸರು ಆಕೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಅತ್ತೆಗೆ ಗುದ್ದಲು ನಾನೂ ಆ ಸಾಲಿನಲ್ಲಿ ನಿಲ್ಲಲು ಸಿದ್ಧನಿದ್ದೆ.

ಅತ್ತೆ ಬಾಗಿದಳು. ‘ಕುರ್ರ್’ ಎಂದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: ‘ಗೌರವ್ವ.’

ಗುದ್ದಲು ಎತ್ತಿದ ಕೈಗಳು ಹಾಗೆಯೇ ನಿಂತವು. ಬ್ಯಾಬಿಲೋನಿಯಾ ಅಲ್ಲ, ಅಸ್ಸೀರಿಯಾ ಅಲ್ಲ, ಗೌರವ್ವ! ನನ್ನತ್ತೆ, ಅಂದರೆ ಕಾರಟಗಿಯ ಬೀಗಿತಿ, ತಮ್ಮ ಕಡೆಯ ತೆಲುಗಿನಲ್ಲಿ ಪಕ್ಕದವಳನ್ನು ‘ಎವರಮ್ಮಾ ಈ ಗೌರವ್ವ?’ ಎಂದು ಕೇಳಿದಳು. ಅಪ್ಪನೂ ತಲೆ ಕೆರೆದುಕೊಂಡ.

‘ಯಾರ ಹೆಸರು ತಂದಿಯವಾ ಇದು? ನಮ್ಮ ಮನಿಯಾಗ ಗೌರವ್ವ ಅನ್ನೋರು ಯಾರೂ ಇಲ್ಲಲ್ಲ.’

‘ನಾ ಅದೀನಲ್ರೀ,’ ಎಂದಳು ಅವ್ವ.

ಜೋರಾಗಿ ಹೇಳಲಿಲ್ಲ. ತಾಟು ಕೈಯಲ್ಲೇ ಇತ್ತು. ಅಪ್ಪ ಅವ್ವನ ಕಡೆ ತಿರುಗಿದ. ಅವನಿಗೆ ಒಂದು ಕಾಲಕ್ಕೆ ಗೊತ್ತಿತ್ತು, ಮರೆತಿದ್ದ.

ಅವ್ವನ ಹೆಸರು ಮಹಾಲಕ್ಷ್ಮಿ ಎಂದು ನಾನು ತಿಳಿದಿದ್ದೆ. ರೇಷನ್ ಕಾರ್ಡಿನಲ್ಲಿ ಹಾಗೆಯೇ ಇದೆ. ಅದು ಮದುವೆಯ ದಿನ ನಮ್ಮ ಅಜ್ಜ, ಸೊಸೆ ಮನೆಗೆ ಲಕ್ಷ್ಮಿಯಾಗಿ ಬರಲೆಂದು ಇಟ್ಟ ಹೆಸರಂತೆ. ಮರುದಿನದಿಂದ ಅದನ್ನೂ ಯಾರೂ ಕರೆಯಲಿಲ್ಲ. ಅಳವಂಡಿಗೆ ಹೋದರೆ ಮಾವಂದಿರೆಲ್ಲ ಕಿರಿಯರು, ಅಕ್ಕ ಎನ್ನುತ್ತಾರೆ. ಹೆಸರು ಹಿಡಿದು ಕರೆಯಬೇಕಾದ ಅಲ್ಲಿಯ ಅಜ್ಜ ಅಜ್ಜಿ ನಾನು ಹುಟ್ಟುವ ಮೊದಲೇ ತೀರಿಕೊಂಡಿದ್ದರು. ಇದನ್ನೆಲ್ಲ ಅತ್ತೆ ಆಮೇಲೆ ಹೇಳಿದಳು.

‘ಆಗ ನನಗ ಹನ್ನೆರಡು ವರ್ಷ. ದಿಬ್ಬಣದ ಜೋಡಿ ಅಳವಂಡಿಗೆ ಹೋಗಿದ್ದೆ. ಹೊರಡುವಾಗ ನಿಮ್ಮವ್ವನ ಅವ್ವ ಬಸ್ಸಿನ ಕಿಟಕಿ ಹಿಡಕೊಂಡು, ಗೌರವ್ವಾ, ಗೌರವ್ವಾ ಅಂತ ಅಳಕೋತ ಓಡಿ ಬಂದ್ಲು. ಮನಿಗೆ ಬಂದ ಮ್ಯಾಲೆ, ಆ ಹೆಸರು ಎಲ್ಲಿ ಹೋತಪಾ ಅಂತ ಅಪ್ಪನ್ನ ಕೇಳಿದೆ. ಕಪಾಳಕ್ಕ ಒಂದು ಬಿತ್ತು. ಮತ್ತ ಕೇಳಲಿಲ್ಲ. ಆದ್ರ ಮರೀಲೂ ಇಲ್ಲ.’

ನನಗೆ ನಾಚಿಕೆಯಾಯಿತು. ಮೂವತ್ತಾರು ವರ್ಷ ಆಕೆಯ ಕೈಯಡುಗೆ ಉಂಡು, ದಿನಕ್ಕೆ ನೂರು ಜನರ ಹೆಸರು ಕೇಳಿ ಔಷಧಿ ಕೊಡುವ ನಾನು, ಅವ್ವನಿಗೆ ಆಕೆಯ ಅವ್ವ ಇಟ್ಟ ಹೆಸರನ್ನು ಒಂದು ಸಲವೂ ಕೇಳಿರಲಿಲ್ಲ. ಅತ್ತೆಯ ಬೆನ್ನಿಗೆ ಗುದ್ದುವುದು ಎಲ್ಲರಿಗೂ ಮರೆತುಹೋಗಿತ್ತು. ನನ್ನ ಹೆಂಡತಿ ಎದ್ದು ಅವ್ವನ ಕೈಯಿಂದ ತಾಟು ಇಸಿದುಕೊಂಡು, ‘ಬರ್ರಿ, ನಿಮ್ಮ ಹೆಸರಿನಾಕಿನ್ನ ನೀವೂ ತೂಗ್ರಿ,’ ಎಂದು ಆಕೆಯನ್ನು ತೊಟ್ಟಿಲ ಹತ್ತಿರ ಕೂರಿಸಿದಳು. ಅವ್ವ ತೂಗಿದಳು. ಆದರೆ ಹೆಸರು ಹಿಡಿದು ಕರೆಯಲು ಆಕೆಗೆ ಬಾಯಿ ಬರಲಿಲ್ಲ.

ಸಂಜೆ ಬೀಗರೆಲ್ಲ ಹೊರಟ ಮೇಲೆ, ಪಡಸಾಲೆಯಲ್ಲಿ ಅಪ್ಪ ಒಬ್ಬನೇ ತೊಟ್ಟಿಲ ಪಕ್ಕ ಕೂತಿದ್ದ. ಮೆಲ್ಲಗೆ, ಅಭ್ಯಾಸವಿಲ್ಲದ ದನಿಯಲ್ಲಿ, ‘ಗೌರವ್ವಾ’ ಎಂದು ಕರೆದ.

ಕೂಸು ನಿದ್ದೆ ಮಾಡುತ್ತಿತ್ತು. ಅಡುಗೆಮನೆಯಿಂದ ಅವ್ವ ‘ಓ’ ಎಂದಳು.