ಮುತ್ತಾತನ ಗರಡಿ ಎಲ್ಲೈತೆ?

ಜವರಯ್ಯ: ನಮ್ಮ ಮುತ್ತಾತ ಸಣ್ಣಪ್ಪನೋರು ದಸರಾ ಕುಸ್ತೀಲಿ ಪಂಜಾಬಿನ ಪೈಲ್ವಾನನ್ನ ಅಂಗಾತ ಕೆಡವಿದೋರು. ತಾತ ಮರಿಸ್ವಾಮಿಯೋರು ಮದವೆದ್ದ ಗೂಳೀನ ಕೊಂಬು ಹಿಡ್ದು ಸಂತೇಪೇಟೆವರ್ಗೂ ಎಳಕೊಂಡೋದೋರು. ಅಂಥಾ ವಂಶದಲ್ಲಿ ಹುಟ್ಟಿ ಪಾಶ್ಚಾತ್ಯ ತತ್ತ್ವಶಾಸ್ತ್ರ ತಗೊಂಡ್ಬುಟ್ಯಲ್ಲವ್ವಾ!

ಲಷ್ಕರ್ ಮೊಹಲ್ಲಾದ ಗರಡಿ ಯಜಮಾನರು ಮೀಸೆ ತೀಡಿದರು. ಮಗಳು ಚಾಮುಂಡೇಶ್ವರಿ ಬಿ.ಎ.ಗೆ ಆರಿಸಿಕೊಂಡ ಐಚ್ಛಿಕ ವಿಷಯ ಬದಲಾಯಿಸಲು ನಾಳೆಯೇ ಕಡೆಯ ದಿನ.

ಚಾಮುಂಡೇಶ್ವರಿ: ಅದೂ ಕುಸ್ತೀನೇ ಅಪ್ಪಾಜಿ. ಮಾತಲ್ಲಿ ಆಡೋದು, ಅಷ್ಟೆ.

ಜವರಯ್ಯ: ಅಂಗೋ? ಹಾಕು ಒಂದು ಪಟ್ಟು. ನಿಮ್ಮವ್ವ ಮುದ್ದೆ ಕಟ್ಟೋದ್ರೊಳಗೆ ನಾನು ಬಿಡಿಸ್ಕಂಡ್ರೆ ನೀನು ಗೃಹವಿಜ್ಞಾನ ತಗೋಬೇಕು. ಸೋತ್ರೆ ನಾನು ಉಸಿರೆತ್ತಲ್ಲ.

ಚಾಮುಂಡೇಶ್ವರಿ: ಸರಿ. ನಮ್ಮ ಗರಡಿ ಯಾರದು?

ಜವರಯ್ಯ: ಇನ್ಯಾರದು? ಮುತ್ತಾತಂದು!

ಚಾಮುಂಡೇಶ್ವರಿ: ಗೋಡೆ?

ಜವರಯ್ಯ: ಬಿದ್ದೋಗಿತ್ತು. ನಾನೇ ಕಟ್ಟಿಸ್ದೆ.

ಚಾಮುಂಡೇಶ್ವರಿ: ಮಣ್ಣು?

ಜವರಯ್ಯ: ವರ್ಷಾ ವರ್ಷಾ ಹಳೇದು ತೆಗ್ದು ಹೊಸ ಕೆಮ್ಮಣ್ಣು ತುಂಬ್ತೀವಿ. ಎಣ್ಣೆ, ಅರಿಶಿನ ಕಲಸಿ...

ಚಾಮುಂಡೇಶ್ವರಿ: ಮುತ್ತಾತ ಮುಟ್ಟಿದ್ದು ಒಂದು ಹಿಡಿಯೂ ಇಲ್ವಲ್ಲ. ಅವರ ಗರಡಿ ಹೇಗಾಯ್ತು?

ಜವರಯ್ಯ: ಜಾಗ ಅದೇ ಅಲ್ವಾ!

ಚಾಮುಂಡೇಶ್ವರಿ: ಮರಿಸ್ವಾಮಿ ತಾತ ಅದನ್ನ ಬೀದಿಯ ಆ ಕಡೆಯಿಂದ ಈ ಕಡೆಗೆ ತಂದ್ರು ಅಂತ ನೀವೇ ಹೇಳಿದ್ರಿ.

ಮೀಸೆ ಬಿಟ್ಟ ಕೈ ಸೀದಾ ತಲೆಗೆ ಹೋಯಿತು. ಒಲೆಯ ಮುಂದೆ ಮುದ್ದೆ ಕೋಲು ತಿರುವುತ್ತಿದ್ದ ದೇವಿರಮ್ಮನಿಗೂ ಸುಮ್ಮನಿರಲಾಗಲಿಲ್ಲ.

ದೇವಿರಮ್ಮ: ಹಳೇ ಮಣ್ಣನ್ನೆಲ್ಲ ಹಿತ್ತಲಲ್ಲಿ ನನ್ನ ಹೀರೆ ಬಳ್ಳಿ ಬುಡಕ್ಕೆ ಸುರೀತೀರಿ. ಅಂಗಾದ್ರೆ ನಿಮ್ಮ ಮುತ್ತಾತನ ಗರಡಿ ಅಲ್ಲೈತಾ?

ಜವರಯ್ಯ: ಹೀರೆ ಮಡೀಲಿ ನಿಂತು ತೊಡೆ ತಟ್ಟಕ್ಕಾಯ್ತದೇನೇ!

ದೇವಿರಮ್ಮ: ಅದ್ಕೇ ಕಾಯಿ ಅಷ್ಟು ದಪ್ಪ ಬುಡ್ತಾವೆ ಅನ್ನಿ.

ಜವರಯ್ಯ ಎದ್ದರು, ಕೂತರು, ಮತ್ತೆ ಎದ್ದು ನಡುಮನೆಯಲ್ಲಿ ಗಾಣದೆತ್ತಿನಂತೆ ಸುತ್ತಿದರು.

ಜವರಯ್ಯ: ಗರಡಿ ಅಂದ್ರೆ ಗೋಡೆ ಅಲ್ಲ... ಮಣ್ಣೂ ಅಲ್ಲ... ಇರು, ಇರು...

ದೇವಿರಮ್ಮ ಕಡೆಯ ಮುದ್ದೆ ಕೈಗೆತ್ತಿಕೊಂಡರು.

ದೇವಿರಮ್ಮ: ರೀ, ಇತ್ಲಾಗೆ ಬನ್ನಿ. ನಂಗೆ ಹೊಳೀತು, ಕಿವೀಲಿ ಹೇಳ್ತೀನಿ. ಗೆದ್ಬುಡಿ, ಅವಳು ಗೃಹವಿಜ್ಞಾನ ಓದ್ಲಿ.

ಚಾಮುಂಡೇಶ್ವರಿಯ ಮುಖ ಬಾಡಿತು. ಜವರಯ್ಯ ಹೆಂಡತಿಗೆ ಅಂಗೈ ಅಡ್ಡ ಹಿಡಿದರು.

ಜವರಯ್ಯ: ತುಟಿ ಬಿಚ್ಚೀಯ, ಜೋಕೆ! ಕುಸ್ತಿಗಿಳಿದ ಮೇಲೆ ಹೊರಗಿನೋರು ಕೈ ಹಾಕಂಗಿಲ್ಲ. ಅವಳು ಅದೇ ಓದ್ಕಳ್ಳಿ ಬುಡು. ನನಗ್ಯಾರೂ ಹೇಳ್ಕೊಡಬ್ಯಾಡಿ. ಅವಳು ಬಿ.ಎ. ಮುಗ್ಸೋದ್ರೊಳಗೆ ನಾನೇ ಬಿಡಿಸ್ಕಂತೀನಿ!