ಬುಟ್ಟಿಯಲ್ಲಿ ವಾಪಸು ಬಂದ ಚಹಾ

ಮೂರು ದಿನ ಆ ಮನೆಯಲ್ಲಿ ಸಕ್ಕರೆ ಹಾಕದ ಸಾವಿನ ಕಾಫಿಯೇ ಕುದಿದಿತ್ತು. ನಾಲ್ಕನೆಯ ಬೆಳಿಗ್ಗೆ ಬಾಡಿಗೆ ಕುರ್ಚಿಗಳು ಹೋದವು, ನೆಂಟರೂ ಹೋದರು. ಶಹೀರಾ ತನ್ನ ಲೋಟಕ್ಕೆ ಒಂದು ಚಮಚ ಸಕ್ಕರೆ ಹಾಕಿದಳು. ಕಲಕುವಷ್ಟರಲ್ಲಿ ಕಾವಲುಗಾರ ಸಬೂರನ ಕೂಗು ಮೂರು ಮಹಡಿ ಏರಿ ಬಂತು.

“ಮೇಡಂ! ಯಾರೋ ಒಬ್ಬ ಬಂದವ್ನೆ! ವಗ್ದಿ ಸಾಹೇಬ್ರು ತನ್ನ ಸಾಮಾನು ತಗೊಂಡಿದ್ರು ಅಂತವ್ನೆ!”

ಚಮಚ ಲೋಟದಲ್ಲೇ ನಿಂತಿತು. ಗಂಡ ವಗ್ದಿ ಹೋದಂದಿನಿಂದ ಮರಗಟ್ಟಿದ್ದ ಎದೆ ಮೊದಲ ಸಲ ಡವಡವ ಎಂದಿತು.

ಅದಕ್ಕೆ ಕಾರಣವಿತ್ತು. ಅಲೆಕ್ಸಾಂಡ್ರಿಯದ ಒಂದು ಸಮಾಜ ಸಂಶೋಧನಾ ಕೇಂದ್ರದಲ್ಲಿ ಶಹೀರಾ ವರ್ಷಗಟ್ಟಲೆ ಅಧ್ಯಯನ ಮಾಡಿದ್ದು ಒಂದೇ ಬಗೆಯ ವಂಚನೆಯನ್ನು. ಮಣ್ಣು ಮಾಡುವ ಮುನ್ನ ನಡೆಯುವ ನಮಾಜಿನಲ್ಲಿ ಸತ್ತವನ ಅಣ್ಣನೋ ತಮ್ಮನೋ ಎದ್ದು, “ಇವನ ಹತ್ತಿರ ಯಾರದ್ದಾದರೂ ಏನಾದರೂ ಉಳಿದಿದ್ದರೆ ನಮ್ಮ ಮನೆಗೆ ಬನ್ನಿ” ಎನ್ನುತ್ತಾನೆ. ಆ ಮಾತಿಗೇ ಕಿವಿಕೊಟ್ಟು ನಿಂತ ಕಳ್ಳರು ಮೂರು ದಿನ ಕಳೆಯುತ್ತಲೇ ಬಾಗಿಲು ತಟ್ಟುತ್ತಾರೆ. ಎಷ್ಟೋ ವಿಧವೆಯರ ಪಕ್ಕ ಕೂತು, ಅವರ ಕಥೆ ಕೇಳಿ, ಆ ಕಳ್ಳರ ಗುರುತುಗಳನ್ನು ಒಂದು ಕರಪತ್ರಕ್ಕೆ ಇಳಿಸಿದ್ದಳು. ಕರಪತ್ರ ಹಂಚಿದ ಬೀದಿಗಳಲ್ಲಿ ಈ ಕಾಟ ಎಷ್ಟೋ ತಗ್ಗಿತ್ತು. ಆದರೆ ಒಬ್ಬ ಕಳ್ಳನನ್ನೂ ಆಕೆ ಕಣ್ಣಾರೆ ಕಂಡಿರಲಿಲ್ಲ. ಹುಲಿಯ ಹೆಜ್ಜೆಗುರುತನ್ನೇ ಅಳೆಯುತ್ತ ಕಾಲ ಕಳೆದವಳ ಮನೆ ಮುಂದೆ ಈಗ ಹುಲಿಯೇ ಬಂದು ಕರೆಗಂಟೆ ಒತ್ತಿದ ಹಾಗಾಯಿತು!

ವಗ್ದಿಯ ಕೊರಳಿಗೆ ಯಾರ ವಸ್ತುವಿನ ಭಾರವೂ ಉಳಿಯಬಾರದು. ಅವನ ಹೆಸರು ಹೇಳಿ ಯಾರೂ ಏನನ್ನೂ ಲಪಟಾಯಿಸಲೂ ಬಾರದು. ಶಹೀರಾ ಬಾಲ್ಕನಿಗೆ ಓಡಿದಳು. ವಿಧವೆಯ ಅವಧಿ ಮುಗಿಯುವ ತನಕ ಆಕೆ ಕೆಳಗಿಳಿಯುವಂತಿಲ್ಲ, ಗಂಡಸರು ಮೇಲೆ ಬರುವಂತಿಲ್ಲ. ಹಾಗಾಗಿ ಸಂದರ್ಶನ ಬಾಲ್ಕನಿಯಿಂದ ಬೀದಿಗೆ, ಇಡೀ ಬೀದಿಯ ಸಮಕ್ಷಮ ನಡೆಯಿತು.

ಕೆಳಗೆ ಬಿಳಿ ಮೀಸೆಯ ಮನುಷ್ಯನೊಬ್ಬ ಟೋಪಿ ತೆಗೆದು ನಿಂತಿದ್ದ. “ನಾನು ಫಿಕ್ರಿ, ಮೇಡಂ. ಸಂಗೀತದ ಮೇಷ್ಟ್ರು. ವಗ್ದಿ ನನ್ನ ಔದ್ ತಗೊಂಡಿದ್ರು.”

ಶಹೀರಾಳಿಗೆ ನಗು ಬರುವುದೊಂದು ಬಾಕಿ. ನೆಟ್ಟಗೆ ಸಿಳ್ಳೆ ಹಾಕಲೂ ಬಾರದ ವಗ್ದಿ ತಂತಿವಾದ್ಯ ತರುವುದೇ? “ಗುರುತು ಹೇಳಿ!”

“ಅಡಿಕೆ ಬಣ್ಣದ ಹೊಟ್ಟೆ. ಕೆಳಗಡೆ ಕೂದಲಿನಷ್ಟು ಸೀಳು, ಅಂಟು ಹಾಕಿದೀನಿ. ಒಂದು ಬಿರಡೆ ಮಾತ್ರ ಆಲಿವ್ ಮರದ್ದು.”

“ಗಿಳಿಪಾಠ!” ಮೇಲಿನ ಬಾಲ್ಕನಿಯಿಂದ ಉಮ್ಮು ಹಿಲ್ಮಿ ಕಿರುಚಿದಳು. ಹಿಲ್ಮಿಯ ತಾಯಿ ಆಕೆ, ಕೆಳಗೆ ಗೇಟಿಗೆ ಅಂಟಿಸಿದ್ದ ಕರಪತ್ರ ಬಾಯಿಪಾಠ. “ಮೊದಲನೇ ಗುರುತು ಕಣೇ ಮಗಳೇ! ಪ್ರಾಮಾಣಿಕ ಆದ್ರೆ ತಡವರಿಸ್ತಾನೆ!”

“ಎಲ್ಲಿಟ್ಟಿದ್ದಾರೆ ಅದನ್ನ?” ಶಹೀರಾ ಕೇಳಿದಳು.

“ಅದು… ಹೇಳೋ ಹಾಗಿಲ್ಲ ಮೇಡಂ. ಮಾತು ಕೊಟ್ಟಿದೀನಿ.”

ತರಕಾರಿ ಬುಟ್ಟಿಗೆ ಹಗ್ಗ ಕಟ್ಟಿ ಶಹೀರಾ ಒಂದು ಲೋಟ ಚಹಾ ಇಳಿಸಿದಳು. ಫಿಕ್ರಿ ಎದೆಯ ಮೇಲೆ ಕೈಯಿಟ್ಟು, ಮುಟ್ಟದೆ ವಾಪಸು ಕಳಿಸಿದ.

“ಎರಡನೇದು!” ಎಂದ ಸಬೂರ್. “ಕಳ್ಳ ಚಹಾ ಕುಡಿಯಲ್ಲ!”

“ನನಗೇನೂ ಅವಸರವಿಲ್ಲ ಮೇಡಂ. ಇನ್ನೊಂದು ದಿನ ಬರ್ತೀನಿ.”

“ಮೂರನೇದು! ಕಳ್ಳನಿಗೆ ಅವಸರ ಇರಲ್ಲ!” ಇಡೀ ಬೀದಿ ಒಕ್ಕೊರಲಿನಿಂದ ಕೂಗಿತು. ಸಬೂರ್ ಅವನನ್ನು ಒಳಗೆಳೆದು, ಮೆಟ್ಟಿಲ ಕೆಳಗಿನ ಬೆಂಚಿನ ಮೇಲೆ ಕೂರಿಸಿ, ಕಬ್ಬಿಣದ ಗೇಟಿಗೆ ಬೀಗ ಜಡಿದ. ಸಂಜೆ ವಗ್ದಿಯ ಅಣ್ಣ ಬಂದು ವಿಚಾರಿಸಲಿ ಎಂದಾಯಿತು. ಫಿಕ್ರಿ ಪ್ರತಿಭಟಿಸಲಿಲ್ಲ. ಬಸ್ಸಿಗೆ ಕಾಯುವವನ ಹಾಗೆ ಕೂತ.

ಮಧ್ಯಾಹ್ನ ಗೇಟಿನಾಚೆ ಇನ್ನೊಬ್ಬ ಬಂದ. ಬಂದವನೇ ಅತ್ತ. “ವಗ್ದಿ ನನ್ನದೇನೋ ತಗೊಂಡಿದ್ದ ತಾಯಿ… ಕಪ್ಪಗಿತ್ತು… ಕಂದು ಇತ್ತಾ? ಅವನೇ ಹೋದ ಮೇಲೆ ನಂಗೆ ಏನ್ ನೆನಪಿರುತ್ತೆ!”

ಶಹೀರಾಳ ಕಣ್ಣು ಅರಳಿತು. ಒಂದೇ ದಿನ, ಒಂದೇ ಮನೆ, ಎರಡೂ ಮಾದರಿ! ಬುಟ್ಟಿ ಇಳಿಯಿತು. ಆತ ಚಹಾ ಗಟಗಟ ಕುಡಿದು ಇನ್ನೊಂದು ಲೋಟ ಕೇಳಿದ.

“ಅವಸರ ಇದೆಯಾ?”

“ತುಂಬಾ ಅವಸರ ತಾಯಿ, ನಾಳೆ ತಂಗಿ ಮದುವೆ!”

ತಡವರಿಸುವವನ ನೆನಪಿಗೆ ನೆರವಾಗಬೇಕೆಂದು ಕರಪತ್ರದಲ್ಲೇ ಇತ್ತು. ಶಹೀರಾ ಇಸ್ತ್ರಿಪೆಟ್ಟಿಗೆ ಇಳಿಸಿದಳು. “ಛೆ, ನನ್ನದಲ್ಲದ್ದು ನನಗ್ಯಾಕೆ?” ಬೀದಿ ಚಪ್ಪಾಳೆ ತಟ್ಟಿತು. ರೇಡಿಯೊ ಇಳಿಸಿದಳು, ಅದೂ ಮೇಲೆ ಬಂತು. ಕೊನೆಗೆ ಕ್ಯಾಮೆರಾ. ಅದು ತಮ್ಮದೇ ಎಂದುಕೊಂಡಿದ್ದಳು. ಆದರೆ ವಗ್ದಿ ಏನು ತಂದರೂ ಎಲ್ಲಿಂದ ತಂದೆ ಎಂದು ಹೇಳುವವನೇ ಅಲ್ಲ. ಆತ ಅದನ್ನು ಎದೆಗವಚಿಕೊಂಡು ಬಿಕ್ಕಿದ. ಬೀದಿಯೂ ಬಿಕ್ಕಿತು. ಬೀದಿ ಕಣ್ಣೊರೆಸಿಕೊಳ್ಳುವಷ್ಟರಲ್ಲಿ ಆತ ತಿರುವಿನಲ್ಲಿ ಮಾಯವಾಗಿದ್ದ.

ಶಹೀರಾ ಕೇಂದ್ರಕ್ಕೆ ಫೋನ್ ಮಾಡಿ, “ನಮ್ಮ ಮೂರೂ ಗುರುತು ಸಾಬೀತಾದವು!” ಎಂದು ಕೂಗಿಯೇ ಬಿಟ್ಟಳು.

ಸೂರ್ಯ ಮುಳುಗಿ, ಮಸೀದಿಯ ಕರೆ ಕೇಳಿತು. ಅದರ ಬೆನ್ನಿಗೇ ಸಬೂರ್. “ಮೇಡಂ! ಆ ಕಳ್ಳ ಜೇಬಿಂದ ಖರ್ಜೂರ ತೆಗ್ದು ತಿಂದ! ನೀರು ಕೇಳ್ದ! ಈಗ ನನ್ನ ಚಹಾನೂ ಕುಡೀತಾವ್ನೆ, ಎರಡನೇ ಲೋಟ!”

“ಇವತ್ತು ಯಾವ ವಾರ?”

“ಸೋಮವಾರ.”

ಶಹೀರಾ ಕಂಬಿ ಹಿಡಿದುಕೊಂಡಳು. ಸೋಮವಾರದ ಉಪವಾಸ! ತಾನಾಗಿ ಹಿಡಿದ ಉಪವಾಸವನ್ನು ಸಜ್ಜನರು ಯಾರೂ ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ. ಆಕೆಯ ಪ್ರಶ್ನಾವಳಿಯಲ್ಲಿ ಎಲ್ಲಕ್ಕೂ ಜಾಗವಿತ್ತು, ಇದೊಂದಕ್ಕೆ ಬಿಟ್ಟು.

“ಗೇಟಿನ ಮೇಲಿನ ಕರಪತ್ರ ಎಲ್ಲಿ ಹೋಯ್ತು?” ಎಂದಳು ಉಮ್ಮು ಹಿಲ್ಮಿ.

“ಮಧ್ಯಾಹ್ನದೋನು ಕಿತ್ಕೊಂಡೋದ್ನಾ ಅಂತ,” ಎಂದ ಸಬೂರ್ ತಲೆ ಕೆರೆಯುತ್ತ. “ಅಳೋಕ್ ಮುಂಚೆ ತುಟಿ ಅಲ್ಲಾಡಿಸ್ಕೊಂಡು ಓದ್ತಿದ್ದ. ಎಂಥಾ ವಿದ್ಯಾಭಿಮಾನ ಅಂದ್ಕೊಂಡೆ!”

ಬೀಗ ತೆರೆಯಿತು. ಫಿಕ್ರಿ ಬೀದಿಗೆ ಬಂದು ತಲೆಯೆತ್ತಿದ. “ಇನ್ನು ಮುಚ್ಚಿಟ್ಟು ಫಲವಿಲ್ಲ, ಹೇಳ್ತೀನಿ ಮೇಡಂ. ಔದ್ ತಾರಸಿಯ ಪಾರಿವಾಳದ ಗೂಡಲ್ಲಿದೆ. ನಿಮ್ಮ ಮದುವೆ ವಾರ್ಷಿಕೋತ್ಸವಕ್ಕೆ ನಿಮ್ಮೆದುರು ಒಂದು ರಾಗ ನುಡಿಸಬೇಕು, ಗೊತ್ತಾಗಬಾರದು ಅಂದಿದ್ರು.”

“ಅಯ್ಯೋ ದೇವರೇ, ಅದಾ!” ಎಂದಳು ಉಮ್ಮು ಹಿಲ್ಮಿ. “ತಾರಸೀಲಿ ಬೆಕ್ಕು ಹೆರಿಗೆ ನೋವು ತಿಂತಿದೆ ಅಂತ ನಾನು ದಿನಾ ಹಾಲಿಡ್ತಿದ್ದೆ!” ಹೇಳುತ್ತಲೇ ಮೇಲೆ ಓಡಿ, ಔದನ್ನು ತಂದು ಶಹೀರಾಳ ಕೈಗಿಟ್ಟಳು. ಅಡಿಕೆ ಬಣ್ಣದ ಹೊಟ್ಟೆ. ಅಂಟು ಹಾಕಿದ ಸೀಳು. ಬಿರಡೆಗೆ ಸಿಕ್ಕಿದ್ದ ಪಾರಿವಾಳದ ಒಂದು ಗರಿ.

“ಹೇಗೆ ನುಡಿಸ್ತಿದ್ರು, ಉಸ್ತಾದ್?”

ಫಿಕ್ರಿ ಟೋಪಿ ತಿರುಗಿಸಿದ. “ಬಹಳ ಕೆಟ್ಟದಾಗಿ, ಮೇಡಂ.”

ಈ ಮಾತನ್ನು ಮಾತ್ರ ಆಕೆ ಪರೀಕ್ಷೆಗೆ ಒಡ್ಡಲಿಲ್ಲ. ಗರಿಯನ್ನು ತೆಗೆದಿಟ್ಟುಕೊಂಡು, ಔದನ್ನು ಶಾಲಿನಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟಳು.

“ಅವಸರವಿಲ್ಲ ಮೇಡಂ,” ಫಿಕ್ರಿ ಕೆಳಗಿನಿಂದ ಹೇಳಿದ. “ಇನ್ನೂ ಸ್ವಲ್ಪ ದಿನ ಇಟ್ಕೊಳ್ಳಿ.”

“ಮೇಡಂ, ಮೂರನೇ ಗುರುತು!” ಎಂದ ಸಬೂರ್, ಅಭ್ಯಾಸಬಲದಿಂದ.

ಶಹೀರಾಳಿಗೆ ನಗು ಬಂತು. ನಗುತ್ತಲೇ, ಕಣ್ಣು ಮಂಜಾಗಿದ್ದರೂ ಹಗ್ಗ ಜಾರಗೊಡದೆ, ಬುಟ್ಟಿಯನ್ನು ಮೆಲ್ಲಗೆ ಇಳಿಸಿದಳು. ಎರಡನೆಯ ಮಹಡಿಯ ಕಂಬಿಗೆ ತಗುಲಿ ಔದ್ ಒಮ್ಮೆ ಅಪಸ್ವರ ನುಡಿಯಿತು.